ವೈಶಾಖಕ್ಕೊಂದು ತೋಟ, ವೈಶಾಖಕ್ಕೊಂದು ಮನೆ

ಒಣಭೂಮಿಯ ಬೇಸಾಯದ ಮಾತನ್ನು ಕುಮಟಾ ತಾಲೂಕಿನ ಹೊಳನಗದ್ದೆಯಂಥ ಕಡಲಂಚಿನ ಊರಲ್ಲಿ ಎತ್ತಿದರೆ ಕೇಳುವವರಿಗೆ ಅಚ್ಚರಿಯಾಗುವುದು ಸಹಜ. ಆಷಾಢದಲ್ಲಿ ಅಂಗಳಕ್ಕೆ ಕಾಲಿಡಲು ಬಿಡದೆ ಮಳೆ ಹೊಯ್ಯುವ ಸೀಮೆ ಇದು. ಈ ಕರಾವಳಿ ಪಟ್ಟಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಒಂದು ಎಕರೆ ನೆಲದ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 1 ಕೋಟಿ 40 ಲಕ್ಷ ಲೀಟರ್ ನೀರು ಬಿದ್ದಂತೆ. ಅದೇ ಎಕರೆ ಕೊಪ್ಪಳದ ಕಡೆ ಇದ್ದರೆ, ವರ್ಷದ ಮಳೆ 600 ಮಿಲಿಮೀಟರ್ ಎಂದು ಹಿಡಿದರೂ, 24 ಲಕ್ಷ ಲೀಟರ್ ಅಷ್ಟೇ. ಸುಮಾರು ಆರು ಪಟ್ಟು ಅಂತರ. ಹೀಗಿದ್ದೂ ಏಪ್ರಿಲ್ ಬಂತೆಂದರೆ ಕರಾವಳಿಯ ಎಷ್ಟೋ ಊರುಗಳಲ್ಲಿ ಬಾವಿಯ ತಳ ಕಾಣುತ್ತದೆ, ಕೇರಿಗೆ ಟ್ಯಾಂಕರ್ ಬರುತ್ತದೆ, ತೆಂಗಿನ ಮಿಳ್ಳೆ ಉದುರುತ್ತದೆ.

ಕಾರಣ ಗುಟ್ಟಿನದಲ್ಲ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ ಅಂತರ ಕಡಿಮೆ, ಇಳಿಜಾರು ಹೆಚ್ಚು. ಗುಡ್ಡದಲ್ಲಿ ಬಿದ್ದ ನೀರು ದಿನದೊಳಗೇ ಕಡಲು ಸೇರುತ್ತದೆ. ಮೇಲೆ ರಂಧ್ರ ರಂಧ್ರದ ಕೆಂಪು ಜಂಬಿಟ್ಟಿಗೆ, ಕೆಳಗೆ ಮರಳು; ಎರಡೂ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತವೆ, ಬೇಗ ಹೊರಗೂ ಕಳಿಸುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಈ ನೆಲ ಯಾವ ಬಯಲುಸೀಮೆಗೂ ಕಡಿಮೆಯಿಲ್ಲದ ಒಣಭೂಮಿ. ತೋಟವನ್ನಾಗಲಿ ಮನೆಯನ್ನಾಗಲಿ ನಾವು ಕಟ್ಟಬೇಕಾದದ್ದು ಈ ಒಣ ತಿಂಗಳುಗಳನ್ನು ಎದುರಿಗಿಟ್ಟುಕೊಂಡು. ಕಳೆದ ಕೆಲವು ದಶಕಗಳಿಂದ ನಾವು ಮಾಡುತ್ತಿರುವುದು ಅದರ ತಿರುಗುಮುರುಗು. ಮಳೆನೀರನ್ನು ಆದಷ್ಟು ಬೇಗ ಹೊರಗೆ ಹಾಕಲು ಕಾಂಕ್ರೀಟ್ ಚರಂಡಿ, ಬೇಸಿಗೆಗೆ ಬೋರ್‌ವೆಲ್.

ಒಣಪ್ರದೇಶಗಳಲ್ಲಿ ನೆಲೆ ನಿಲ್ಲುವ ಬೇಸಾಯಕ್ಕೂ ವಾಸಕ್ಕೂ ಈಗ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಒಂದು ಹೆಸರು ಪರ್ಮಾಕಲ್ಚರ್. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಸೇರಿ 1978ರಲ್ಲಿ ತಂದ ಪುಸ್ತಕದಿಂದ ಅದು ಹಬ್ಬಿತು. ಅವರ ಮಾತಿನ ತಿರುಳು ಸರಳ. ಕಾಡು ಯಾರೂ ಗೊಬ್ಬರ ಹಾಕದೆ, ನೀರು ಹಾಯಿಸದೆ ವರ್ಷಗಟ್ಟಲೆ ನಿಲ್ಲುತ್ತದೆ. ಮನೆ, ತೋಟ, ಕೊಟ್ಟಿಗೆ, ಬಾವಿ, ಬಚ್ಚಲು ಇವೆಲ್ಲವನ್ನೂ ಒಂದರ ಹೊರಹರಿವು ಇನ್ನೊಂದರ ಆಹಾರವಾಗುವಂತೆ ಜೋಡಿಸಿದರೆ ನಮ್ಮ ಹಿಡುವಳಿಯೂ ಹಾಗೆ ನಿಂತೀತು. ಸುಮಾರು ಅದೇ ಕಾಲದಲ್ಲಿ ಜಪಾನಿನ ಮಸನೊಬು ಫುಕುವೊಕಾ ಉಳುಮೆಯಿಲ್ಲದ ಬೇಸಾಯದ ಬಗ್ಗೆ ಬರೆದರು. ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ಯಿಂದ ಫುಕುವೊಕಾ ಕನ್ನಡದ ರೈತರ ಮನೆಮಾತಾದರು. ದೊಡ್ಡಬಳ್ಳಾಪುರದ ಬಳಿಯ ಮರೇನಹಳ್ಳಿಯಲ್ಲಿ ಎಲ್. ನಾರಾಯಣ ರೆಡ್ಡಿ ತಮ್ಮ ಜಮೀನನ್ನೇ ಪಾಠಶಾಲೆ ಮಾಡಿಕೊಂಡು, 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಕಾಡಿನಿಂದ ಕಲಿಯುವುದನ್ನು ಹೇಳಿಕೊಟ್ಟರು. ಬೀದರಿನ ಗಡಿಯಾಚೆ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಆಮೇಲೆ ನರಸಣ್ಣ ಕೊಪ್ಪುಲ ಅವರ ಅರಣ್ಯ ಸಂಸ್ಥೆ, ಬರಡು ನೆಲದಲ್ಲಿ ಈ ಕೆಲಸವನ್ನು ಮಾಡಿ ತೋರಿಸಿದವು. 2017ರಲ್ಲಿ ಪರ್ಮಾಕಲ್ಚರಿನ ಅಂತಾರಾಷ್ಟ್ರೀಯ ಸಮಾವೇಶ ಹೈದರಾಬಾದಿನಲ್ಲಿ ನಡೆದದ್ದಕ್ಕೆ ಈ ಕೆಲಸವೇ ಹಿನ್ನೆಲೆ.

ಬಯಲುಸೀಮೆಯಲ್ಲಿ ಈ ಪದ್ಧತಿಯ ಮೊದಲ ಹತಾರ ಸಮಮಟ್ಟದ ಅಗಳ. ಇಳಿಜಾರಿಗೆ ಅಡ್ಡವಾಗಿ, ಉದ್ದಕ್ಕೂ ಒಂದೇ ಎತ್ತರದಲ್ಲಿ ಹೋಗುವ ಕಾಲುವೆ ಅದು. ಮಟ್ಟ ಹಿಡಿಯಲು ದೊಡ್ಡ ಯಂತ್ರ ಬೇಡ. ಗಾರೆಯವರು ಬಳಸುವ ಲೆವೆಲ್ ಪೈಪು ಸಾಕು. ತೋಡಿದ ಮಣ್ಣನ್ನು ಅಗಳದ ಕೆಳಬದಿಗೆ ಏರಿಯಾಗಿ ಹಾಕುತ್ತಾರೆ. ಮೇಲಿನಿಂದ ಬಂದ ನೀರು ಅಗಳದಲ್ಲಿ ಹರಿಯದೆ ನಿಲ್ಲುತ್ತದೆ, ನಿಂತು ಇಂಗುತ್ತದೆ. ಏರಿಯ ಮೇಲೆ ಗೊಬ್ಬರದ ಗಿಡ, ಲಾವಂಚ, ನುಗ್ಗೆ, ಸೀತಾಫಲ ಬೆಳೆದು ಬೇರಿನಿಂದ ಮಣ್ಣನ್ನು ಹಿಡಿಯುತ್ತವೆ. ಪರ್ಮಾಕಲ್ಚರ್ ಕಲಿಸುವ ಜೆಫ್ ಲಾಟನ್ ಜೋರ್ಡಾನಿನಲ್ಲಿ, ಮೃತಸಮುದ್ರದ ಹತ್ತಿರದ ಉಪ್ಪುನೆಲದಲ್ಲಿ ಅಂಜೂರ ಫಲಕ್ಕೆ ಬರುವಂತೆ ಮಾಡಿದ್ದು ಇಂಥ ಅಗಳ ಮತ್ತು ದಪ್ಪ ಮುಚ್ಚಿಗೆಯ ಬಲದಿಂದ. ಬುರ್ಕಿನಾ ಫಾಸೊದ ಯಾಕೂಬಾ ಸಾವಾಡೊಗೊ ಇನ್ನೂ ಸಣ್ಣ ಉಪಾಯದಿಂದ ಹೊರಟವರು. ಗಟ್ಟಿಯಾದ ಬರಡು ನೆಲದಲ್ಲಿ ಬೇಸಿಗೆಯಲ್ಲೇ ಗೇಣುದ್ದದ ಗುಂಡಿ ತೋಡಿ, ಗೊಬ್ಬರ ತುಂಬಿ, ಗೆದ್ದಲಿಗೆ ಬಿಟ್ಟು, ಮಳೆ ಬಿದ್ದಾಗ ಅದರಲ್ಲೇ ಜೋಳ ಬಿತ್ತುವುದು. ಗೆದ್ದಲು ಕೊರೆದ ದಾರಿಯಲ್ಲೇ ನೀರು ಇಳಿಯುತ್ತದೆ. ಅವರಿಗೆ 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಹಳೇ ಮೈಸೂರಿನ ರಾಗಿ ಹೊಲದ ಅಕ್ಕಡಿ ಸಾಲೂ ಈ ಕುಟುಂಬಕ್ಕೇ ಸೇರಿದ್ದು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಸೋತರೆ ಇನ್ನೊಂದು ಕೈಹಿಡಿಯುತ್ತದೆ, ಬೇರುಗಳು ಬೇರೆ ಬೇರೆ ಆಳದಿಂದ ನೀರೆತ್ತುತ್ತವೆ.

ಇದನ್ನೆಲ್ಲ ಹಾಗೆಯೇ ಎತ್ತಿ ಕರಾವಳಿಗೆ ತರಲಾಗದು. ಬಯಲುಸೀಮೆಯಲ್ಲಿ ಬರುವುದೇ ಸ್ವಲ್ಪ ನೀರು, ಅದನ್ನು ಹಿಡಿಯುವುದೇ ಕೆಲಸ. ಕರಾವಳಿಯಲ್ಲಿ ಜುಲೈ ತಿಂಗಳ ಬಾವಿ ಕಟ್ಟೆಯ ಹತ್ತಿರದವರೆಗೆ ತುಂಬಿರುತ್ತದೆ. ಆಗ ಮಾಡಿನ ನೀರನ್ನು ಅದಕ್ಕೆ ಇಳಿಸಿದರೆ ಹೆಚ್ಚಿನ ಲಾಭವಿಲ್ಲ, ನೆಲಕ್ಕೆ ಆಗಲೇ ಹೊಟ್ಟೆ ತುಂಬಿದೆ. ನಮ್ಮಲ್ಲಿ ತಡೆಯುವ ಕೆಲಸ ಬೀಳುವುದು ಮಳೆಗಾಲದ ಬಾಲದಲ್ಲಿ. ಸೆಪ್ಟೆಂಬರ್, ಅಕ್ಟೋಬರಿನ ಮಳೆ, ಆಮೇಲೆ ನವೆಂಬರ್, ಡಿಸೆಂಬರಿನಲ್ಲಿ ಹಳ್ಳದಲ್ಲಿ ಇನ್ನೂ ಹರಿಯುವ ಸಣ್ಣ ನೀರು: ಇವನ್ನು ಎರಡು ಮೂರು ತಿಂಗಳು ನಿಲ್ಲಿಸಿಕೊಂಡರೆ ಬೇಸಿಗೆಯ ಅರ್ಧ ಕಷ್ಟ ಕಳೆಯಿತು. ಕಾಸರಗೋಡಿನ ಏತಡ್ಕದಂಥ ಊರುಗಳ ಕೃಷಿಕರು ಇದನ್ನು ತಲೆಮಾರುಗಳಿಂದ ಬಲ್ಲರು. ಮಳೆ ನಿಂತು ಹಳ್ಳದ ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಕಾಂಡ ಸೇರಿಸಿ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಒಂದರ ಕೆಳಗೆ ಇನ್ನೊಂದು ಕಟ್ಟ. ಎರಡೂ ದಡದ ತೋಟಗಳ ಬಾವಿಯಲ್ಲಿ ನೀರೇರುತ್ತದೆ. ಮುಂದಿನ ಮಳೆ ಬಂದಾಗ ಕಟ್ಟ ತಾನೇ ದಾರಿ ಬಿಡುತ್ತದೆ. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ದಶಕಗಳಿಂದ ಬರೆಯುತ್ತ ಬಂದದ್ದು ಇಂಥ ಕೆಲಸಗಳ ಬಗ್ಗೆಯೇ. ಶಿರಸಿಯ ಕಡೆ ಶಿವಾನಂದ ಕಳವೆಯವರು ಕಾಡಿನ ನೆಲದಲ್ಲಿ ನೀರಿಂಗಿಸುವುದನ್ನು ಊರವರೊಡನೆ ಸೇರಿ ಮಾಡಿ, ಅದನ್ನೇ ಬರೆದರು. ಈಗ ಹಲಗೆ ಇಳಿಸುವ ಕಿಂಡಿ ಅಣೆಕಟ್ಟುಗಳು ಬಂದಿವೆ, ಒಳ್ಳೆಯದೇ. ಆದರೆ ಹಲಗೆಯನ್ನು ಯಾವ ವಾರ ಇಳಿಸುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಹರಿವು ಪೂರ್ತಿ ಬತ್ತಿದ ಮೇಲೆ ಇಳಿಸಿದ ಹಲಗೆಯಿಂದ ಯಾರಿಗೂ ಉಪಯೋಗವಿಲ್ಲ. ಹಲಗೆ ಇಳಿಸುವ ಹೊಣೆಯನ್ನು ಊರಿನ ಕೈಗೇ ಕೊಡಬೇಕು.

ಕಡಲಂಚಿನ ಊರುಗಳಿಗೆ ತಡೆಯುವುದರಲ್ಲಿ ಇನ್ನೊಂದು ಜೀವನ್ಮರಣದ ಲೆಕ್ಕವಿದೆ. ಮರಳಿನ ಕೆಳಗೆ ಸಿಹಿನೀರು, ಅದರ ಕೆಳಗೆ ಉಪ್ಪುನೀರು. ನೀರಿನ ಮೇಲೆ ಎಣ್ಣೆ ತೇಲಿದಂತೆ ಹಗುರವಾದ ಸಿಹಿನೀರು ಭಾರವಾದ ಸಮುದ್ರದ ನೀರಿನ ಮೇಲೆ ತೇಲಿಕೊಂಡಿದೆ. ಎಷ್ಟು ಆಳದವರೆಗೆ ಸಿಹಿ ಎಂಬುದನ್ನು ಡಚ್ ಎಂಜಿನಿಯರ್ ಘೈಬೆನ್ 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 20ನೇ ಶತಮಾನದ ಆರಂಭದಲ್ಲಿ, ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಅಂತರ್ಜಲದ ಮಟ್ಟ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿವರೆಗೆ ಸಿಹಿನೀರು ಇರುತ್ತದೆ. ಇದನ್ನು ತಿರುಗಿಸಿ ಓದಿದರೆ ಭಯವಾಗಬೇಕು. ಪಂಪು ಹಾಕಿ ಮಟ್ಟವನ್ನು 1 ಅಡಿ ಇಳಿಸಿದರೆ ಕೆಳಗಿನ ಉಪ್ಪು 40 ಅಡಿ ಮೇಲೇರಲು ಹವಣಿಸುತ್ತದೆ. ಹೊಳನಗದ್ದೆಯಂಥ ಊರಿನಲ್ಲಿ ಆಳದ ಬೋರ್‌ವೆಲ್ಲಿಗೂ ಕೈಯಲ್ಲಿ ತೋಡಿದ ತೆರೆದ ಬಾವಿಗೂ ಇರುವ ವ್ಯತ್ಯಾಸ ಇದೇ. ತೆರೆದ ಬಾವಿ ಮೇಲಿನ ಸಿಹಿಪದರದಿಂದ ಸ್ವಲ್ಪ ಸ್ವಲ್ಪವಾಗಿ ನೀರು ಕೊಡುತ್ತದೆ. ಬೋರ್‌ವೆಲ್ ನೇರ ಕೆಳಗಿಳಿದು ಉಪ್ಪನ್ನು ಮೇಲಕ್ಕೆ ಕರೆಯುತ್ತದೆ. ಒಬ್ಬರ ಪಂಪು ಪಕ್ಕದ ಐದು ಮನೆಗಳ ಬಾವಿಯನ್ನು ಉಪ್ಪಾಗಿಸಬಲ್ಲದು, ಹಾಗೆ ಒಮ್ಮೆ ಉಪ್ಪಾದ ಬಾವಿ ಒಂದೇ ಮಳೆಗಾಲಕ್ಕೆ ತಿಳಿಯಾಗುತ್ತದೆಂಬ ಭರವಸೆಯಿಲ್ಲ. ಸಮುದ್ರದಿಂದ ಇಂತಿಷ್ಟು ದೂರದೊಳಗೆ ಕೃಷಿಗೆ ಬೋರ್‌ವೆಲ್ ಬೇಡ ಎಂದು ಗ್ರಾಮಸಭೆ ತಾನೇ ಕೂತು ತೀರ್ಮಾನ ಮಾಡಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ನೆರೆಹೊರೆಯ ಮನಸ್ತಾಪಕ್ಕೆ ಹೆದರಿ ಈ ಮಾತನ್ನು ಮುಂದಕ್ಕೆ ಹಾಕಿದಷ್ಟೂ ಕಷ್ಟ.

ಮೇಲಿನ ತೆಳುಪದರದ ನೀರಿನಲ್ಲೇ ಎಷ್ಟು ಬೆಳೆಯಬಹುದು ಎಂಬುದಕ್ಕೆ ಸಾಕ್ಷಿ ಕುಮಟಾದ ಸಿಹಿ ಈರುಳ್ಳಿ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆ ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಮರಳುಗದ್ದೆಯಲ್ಲಿ ಈರುಳ್ಳಿ ಸಸಿ ನೆಡುತ್ತಾರೆ. ಗದ್ದೆಯ ಮೂಲೆಯಲ್ಲಿ ಆಳವಿಲ್ಲದ ಗುಂಡಿಬಾವಿ, ಕೈಯಲ್ಲಿ ಕೊಡಪಾನ. ಬುಡಕ್ಕೆ ಬೇಕಾದಷ್ಟೇ ನೀರು. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದ ಈರುಳ್ಳಿ ಗೊಂಚಲುಗಳು ತೂಗುತ್ತವೆ. ಖಾರ ಕಡಿಮೆ, ಹಸಿಯಾಗಿಯೇ ತಿನ್ನಬಹುದು, ಕಟ್ಟಿ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತದೆ. ಇದರ ಹಿಂದಿನ ದುಡಿಮೆ ಬಹಳ ದೊಡ್ಡದು. ಸೊಂಟ ಬಗ್ಗಿಸಿ ಕೊಡಪಾನ ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ಆ ದುಡಿಮೆಯನ್ನು ವೈಭವೀಕರಿಸುವುದು ನನಗೆ ಬೇಡ. ಆಳದಿಂದ ಎಳೆಯುವ ದೊಡ್ಡ ಪಂಪಿಗೆ ಬದಲು ಅದೇ ಗುಂಡಿಬಾವಿಗೆ ಸಣ್ಣ ಸೋಲಾರ್ ಪಂಪು, ಕೊಡಪಾನದ ಬದಲು ಹನಿಕೊಳವೆ ಬಂದರೆ ಹೊರೆ ಇಳಿಯುತ್ತದೆ, ಬೆಳೆಯ ಲೆಕ್ಕವೂ ಕೆಡುವುದಿಲ್ಲ. ಅಘನಾಶಿನಿಯ ಅಳಿವೆಯ ಉಪ್ಪುಗದ್ದೆಗಳಾದ ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತವೂ ಇದೇ ಜಾಣ್ಮೆಯದು. ಉಪ್ಪುನೀರನ್ನು ತಾಳಿಕೊಳ್ಳುವ ತಳಿ. ರಾಸಾಯನಿಕ ಗೊಬ್ಬರ ಬೇಡ, ಕೊಯ್ಲಿನ ಬಳಿಕ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಮಾಣಿಕಟ್ಟಾದ ರೈತರು ಅದನ್ನು ಉಳಿಸಿಕೊಂಡಿದ್ದಾರೆ.

ತೋಟದ ವಿಚಾರಕ್ಕೆ ಬಂದರೆ, ಮರಳು ನೆಲದಲ್ಲಿ ತೇವ ನಿಲ್ಲಿಸುವ ಕೀಲಿ ಕಸದಲ್ಲಿದೆ. ತೆಂಗಿನ ಸಿಪ್ಪೆಯನ್ನು ನಾವು ಒಲೆಗೆ ಹಾಕುತ್ತೇವೆ, ಇಲ್ಲವೇ ಮಾರುತ್ತೇವೆ. ಅದು ತನ್ನ ತೂಕದ ಕೆಲವು ಪಟ್ಟು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಮರದ ಸಾಲುಗಳ ನಡುವೆ ಅಗಳ ತೋಡಿ, ಸಿಪ್ಪೆಯ ಒಳಮೈ ಮೇಲಾಗುವಂತೆ ಪದರಪದರವಾಗಿ ಹಾಸಿ ಮಣ್ಣು ಮುಚ್ಚುವ ಕ್ರಮವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬಹುಕಾಲದಿಂದ ಹೇಳುತ್ತಿದೆ. ಮಳೆಗಾಲದ ಮೊದಲು ಮಾಡಿದರೆ ಕೆಲವು ವರ್ಷಗಳವರೆಗೆ ಕೆಲಸ ಕೊಡುತ್ತದೆ. ಅದರ ಮೇಲೆ ಮಡಲು, ದರಕು (ಒಣ ಎಲೆ), ಬಾಳೆಯ ದಿಂಡು. ಬರಿನೆಲ ಬಿಸಿಲಿಗೆ ಕಾಣಬಾರದು ಎಂಬುದೊಂದೇ ನಿಯಮ. ತೆಂಗಿನ ನೆರಳಿಗೆ ಬಾಳೆ, ಬಾಳೆಯ ನೆರಳಿಗೆ ಕೆಸು, ಅರಿಶಿನ, ಶುಂಠಿ, ಮರಕ್ಕೆ ಹಬ್ಬಿದ ಕಾಳುಮೆಣಸು; ಗಾಳಿಯನ್ನು ತಡೆಯಲು ಕಡಲ ಬದಿಯ ಬೇಲಿಗೆ ಕೇದಗೆ, ಸುರಹೊನ್ನೆ, ಗೇರು; ಹಿತ್ತಲಿಗೊಂದು ಮುರುಗಲು. ಪರ್ಮಾಕಲ್ಚರಿನ ಪುಸ್ತಕಗಳು ಏಳು ಅಂತಸ್ತಿನ ಆಹಾರದ ಕಾಡು ಎಂದು ಚಿತ್ರ ಬರೆದು ವಿವರಿಸುವುದು ಇದನ್ನೇ. ಬಚ್ಚಲ ನೀರಿನ ಬದಿಗೆ ಬಸಳೆ ಚಪ್ಪರ ಹಾಕುವುದಂತೂ ನಮ್ಮ ಅಜ್ಜಿಯಂದಿರ ಕಾಯಂ ಏರ್ಪಾಡು. ಸೀಗೆ, ಕಡಲೆಹಿಟ್ಟಿನ ಕಾಲದ ಆ ನೀರಿಗೂ ಇಂದಿನ ಡಿಟರ್ಜೆಂಟ್ ನೀರಿಗೂ ವ್ಯತ್ಯಾಸವಿದೆ. ಹಾಗಾಗಿ ಬಟ್ಟೆ ತೊಳೆದ ನೀರನ್ನು ಮೊದಲು ಜಲ್ಲಿ, ಮರಳು, ಕಾಬಾಳೆಯಂಥ ಗಿಡಗಳಿರುವ ಗುಂಡಿಯಲ್ಲಿ ಹಾಯಿಸಿ, ತಿನ್ನುವ ಸೊಪ್ಪಿಗೆ ಬಿಡದೆ ಬಾಳೆ, ತೆಂಗಿಗೆ ಬಿಡುವುದು ಕ್ಷೇಮ.

ಇಷ್ಟು ದರಕು, ಇಷ್ಟು ಸೊಪ್ಪು ಎಲ್ಲಿಂದ? ಇಲ್ಲೇ ನಮ್ಮ ಜಿಲ್ಲೆಯ ದೊಡ್ಡ ಪಾಠ ಇರುವುದು. ತೋಟ ಒಂದೇ ತನ್ನನ್ನು ತಾನು ಸಾಕಿಕೊಳ್ಳಲಾರದು, ಬೆನ್ನಿಗೊಂದು ಬೆಟ್ಟ ಬೇಕು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಎಷ್ಟೋ ಕಡೆ ಬೆಟ್ಟ ಬೋಳಾಗಿ ವ್ಯವಸ್ಥೆಯ ಅರ್ಧ ಮಾತ್ರ ಉಳಿದಿದೆ, ಅದು ಬೇರೆ ನೋವು. ಆದರೆ ಕುಮಟಾ ಪೇಟೆಯ ಮಗ್ಗುಲಲ್ಲೇ ಹಳಕಾರ ಇದೆ. 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಕೆನರಾ ಜಿಲ್ಲೆಯ ಅರಣ್ಯ ಸವಲತ್ತುಗಳ ಬಗ್ಗೆ ವರದಿ ಕೊಟ್ಟ. ಅದರ ಫಲವಾಗಿ ಕೆಲವು ಊರುಗಳಿಗೆ ತಮ್ಮ ಕಾಡನ್ನು ತಾವೇ ನೋಡಿಕೊಳ್ಳುವ ಅಧಿಕಾರ ಬಂತು. ಹಳಕಾರದ ಗ್ರಾಮ ಅರಣ್ಯ ಪಂಚಾಯತ್ ಹುಟ್ಟಿದ್ದು 1924ರಲ್ಲಿ. ಸುಮಾರು 220 ಎಕರೆಯ ಆ ಕಾಡನ್ನು ಊರವರು ಕಾವಲುಗಾರನನ್ನಿಟ್ಟು, ದರಕು ಗುಡಿಸಲು, ಕಟ್ಟಿಗೆ ತರಲು ತಾವೇ ಕಟ್ಟಳೆ ಹಾಕಿಕೊಂಡು ಕಾಯ್ದರು. ಚಿತ್ರಗಿ, ಕಲ್ಲಬ್ಬೆ-ಮೂರೂರಿನಲ್ಲೂ ಇಂಥ ಪಂಚಾಯತ್‌ಗಳು ಉಳಿದವು. ಇವನ್ನು ರದ್ದು ಮಾಡಲು ಸರಕಾರ ಹೊರಟಾಗ ಊರವರು ನ್ಯಾಯಾಲಯದ ಮೆಟ್ಟಿಲೇರಿದರು. ಪೇಟೆಯ ಪಕ್ಕ, ಸುತ್ತ ಬೋಳುಗುಡ್ಡಗಳ ನಡುವೆ, ನೂರು ವರ್ಷ ದಾಟಿದ ಊರಕಾಡು. ಒಂದೊಂದು ಹಿಡುವಳಿಗೆ ಪರ್ಮಾಕಲ್ಚರ್ ನಕ್ಷೆ ಬರೆಯುವವರು ದಯವಿಟ್ಟು ಹಳಕಾರಕ್ಕೊಮ್ಮೆ ಹೋಗಿಬರಬೇಕು. ಗುಡ್ಡದ ನೆತ್ತಿ ಸಾರ್ವಜನಿಕ, ಬುಡದ ತೋಟ ಖಾಸಗಿ. ನೆತ್ತಿಯಲ್ಲಿ ಮರವಿಲ್ಲದಿದ್ದರೆ ಬುಡದಲ್ಲಿ ಎಷ್ಟು ಅಗಳ ತೋಡಿದರೂ ಬಾವಿಗೆ ನೀರು ಬರುವುದು ಅಷ್ಟಕ್ಕಷ್ಟೇ.

ನೀರಿಗಾಗಿ ಗುಡ್ಡದ ಒಳಗೇ ಹೋದವರೂ ಇದ್ದಾರೆ. ಕಾಸರಗೋಡು, ದಕ್ಷಿಣ ಕನ್ನಡದ ಗಡಿಯಲ್ಲಿ ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಅಗಲದ ಸುರಂಗ ಕೊರೆಯುತ್ತಾರೆ. ಒಳಗೆ ಜಿನುಗುವ ನೀರು ತಾನಾಗಿಯೇ ಇಳಿದುಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಈ ಕಲೆಯ ಕಡೆ ತಿರುಗಿ ನೋಡಿತು. ಮರ ಹತ್ತುವ ಕೂಲಿಯಾಗಿದ್ದ ಅವರಿಗೆ ಒಡೆಯರಿಂದ ಸಿಕ್ಕಿದ್ದು ಬೋಳುಗುಡ್ಡದ 2 ಎಕರೆ. ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಐದು ಬರಿದಾದವು. ಆರನೆಯದರಲ್ಲಿ ನೀರು ಬಂತು. ಆ ನೀರಿನ ಮೇಲೆ ಗುಡ್ಡವನ್ನು ಕಲ್ಲುಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ತಿದ್ದಿ ಅಡಿಕೆ, ತೆಂಗು, ಬಾಳೆ, ಮೆಣಸಿನ ತೋಟ ಎಬ್ಬಿಸಿದರು. ಅವರ ಛಲವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಅದರಷ್ಟೇ ದೊಡ್ಡದಾಗಿ ಕಾಣುವುದು ಅವರು ನೀರನ್ನು ಬಳಸಿದ ಮಿತಿ: ಸುರಂಗ ಕೊಟ್ಟಷ್ಟು, ಅದು ಕೊಟ್ಟ ಹೊತ್ತಿಗೆ. ಬೋರ್‌ವೆಲ್ಲಿನ ತೋಟಕ್ಕೆ ಇಂಥ ಮಿತಿಯಿಲ್ಲ, ಬತ್ತುವ ದಿನದವರೆಗೂ ಅದು ಎಚ್ಚರಿಕೆ ಕೊಡುವುದಿಲ್ಲ.

ಗುಡ್ಡದ ಮಾತು ಬಂದಾಗ ಒಂದು ಎಚ್ಚರವನ್ನು ಗಟ್ಟಿಯಾಗಿ ಹೇಳಲೇಬೇಕು. 2009ರಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮುಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಕುಸಿದು ಜನ, ವಾಹನ ಗಂಗಾವಳಿಯ ಪಾಲಾದರು. 600 ಮಿಲಿಮೀಟರ್ ಮಳೆಯ ಊರಿಗೆ ಹೇಳಿದ ಇಂಗುಗುಂಡಿಯನ್ನು 3,500 ಮಿಲಿಮೀಟರ್ ಮಳೆಯ ಕಡಿದಾದ ಗುಡ್ಡದ ಮೇಲೆ, ಕೆಳಗೆ ಮನೆಗಳಿರುವಲ್ಲಿ, ಸಾಲಾಗಿ ತೋಡಿದರೆ ನೆನೆದ ಮಣ್ಣಿನ ಭಾರ ಏರುತ್ತದೆ. ಬುಡವನ್ನು ಜೆಸಿಬಿಯಿಂದ ಕಡಿದು ಮನೆ ತಳ ಮಾಡಿದ್ದರಂತೂ ಅಪಾಯ ಇಮ್ಮಡಿ. ಇಂಗಿಸುವ ಕೆಲಸ ಸಮತಟ್ಟಾದ ಬೇಣ, ಹಾಡಿಗಳಲ್ಲಿ ನಡೆಯಲಿ. ಕಡಿದಾದ ಮೈಯಲ್ಲಿ ಮರ, ಬಿದಿರು, ಹುಲ್ಲು ಇರಲಿ, ಅಲ್ಲಿನ ಹೆಚ್ಚುವರಿ ನೀರಿಗೆ ಕಲ್ಲು ಹಾಸಿದ ಸುರಕ್ಷಿತ ದಾರಿ ಇರಲಿ. ಜಂಬಿಟ್ಟಿಗೆಯ ಚಿರೆಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಗಳು ಗುಡ್ಡದ ನೆತ್ತಿಯಲ್ಲೇ ಬಿದ್ದಿವೆ. ಕೆಳಗೆ ಮನೆಗಳಿಲ್ಲದ, ಅಂಚು ಗಟ್ಟಿಯಿರುವ ಕ್ವಾರಿಗಳನ್ನು ಬೇಲಿ ಹಾಕಿ ಇಂಗುಕೆರೆ ಮಾಡಬಹುದು. ಹೊಸದಾಗಿ ಕಡಿಯುವುದಕ್ಕಿಂತ ಅದು ಎಷ್ಟೋ ಮೇಲು.

ಚಿರೆಕಲ್ಲಿನಿಂದ ಮನೆಗೆ ಬರೋಣ. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗಿರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಸುಡುವ ಭಟ್ಟಿ ಬೇಡ, ಕಟ್ಟಿಗೆ ಬೇಡ, ದೂರದ ಲಾರಿ ಬೇಡ. ದಪ್ಪ ಗೋಡೆಯ ಚಿರೆಕಲ್ಲಿನ ಮನೆ ಹಗಲಿನ ಕಾವನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಮೇಲೆ ಕಡಿದಾದ ಮಾಡು, ಉದ್ದನೆಯ ಇಳಿಚಾವಣಿ. ಮೊದಲು ಸೋಗೆ, 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಕಾರ್ಖಾನೆ ಶುರುವಾದ ಮೇಲೆ ಹೆಂಚು. ಬೇಸಿಗೆಗೆ ಅಂಗಳದಲ್ಲಿ ದಬ್ಬೆಯ ಚಪ್ಪರ. ಬಯಲುಸೀಮೆಯಲ್ಲಿ ಇದೇ ಕೆಲಸವನ್ನು ಮಣ್ಣಿನ ಮಾಳಿಗೆ ಮನೆ, ಮೊಳದಪ್ಪದ ಗೋಡೆ, ನೆತ್ತಿಯ ಬೆಳಕಿಂಡಿ ಮಾಡುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ವಿಭಾಗದಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಒತ್ತಿ ಮಾಡುವ, ಸುಡದ ಇಟ್ಟಿಗೆಯನ್ನು ರೂಪಿಸಿದರು. ರಾಜ್ಯದಲ್ಲಿ ಅದರಿಂದ ಕಟ್ಟಿದ ಸಾವಿರಾರು ಮನೆಗಳಿವೆ. ಕರಾವಳಿಗೆ ಅದು ಆಗಬಹುದು, ಆದರೆ ಮಾಡಿನ ಅಂಚು ಗೋಡೆಯಿಂದ ಬಹಳ ಮುಂದೆ ಬರಬೇಕು, ತಳ ಚಿರೆಕಲ್ಲಿನದ್ದೇ ಇರಬೇಕು.

ಜನ ಹೆಂಚು ಬಿಟ್ಟು ಸ್ಲ್ಯಾಬಿಗೆ ಹೋದದ್ದು ಬರೀ ಶೋಕಿಗೆ ಎನ್ನುವುದು ಅನ್ಯಾಯ. ಮಂಗಗಳು ಹೆಂಚು ಒಡೆಯುತ್ತವೆ, ಕೈಯಾಡಿಸುವ ಆಳು ಸಿಗುವುದಿಲ್ಲ, ಮರದ ಬೆಲೆ ಕೈಗೆಟುಕುವುದಿಲ್ಲ. ಆದರೆ ಕಡಲ ಗಾಳಿಯ ಉಪ್ಪು ಸ್ಲ್ಯಾಬಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ಕಬ್ಬಿಣ ತುಕ್ಕುಹಿಡಿದು ಉಬ್ಬಿದಾಗ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸೋರುವ ಸ್ಲ್ಯಾಬಿನ ಮೇಲೆ ತಗಡಿನ ಮಾಡು ಹಾಕದ ಮನೆ ಈಗ ಕರಾವಳಿಯಲ್ಲಿ ಅಪರೂಪ. ಹೇಗೂ ಎರಡು ಮಾಡು ಕಟ್ಟುವುದಾದರೆ ಮೊದಲೇ ಚಿರೆಕಲ್ಲಿನ ಗೋಡೆ, ಕಬ್ಬಿಣದ ಪಕಾಸಿನ ಮೇಲೆ ಹೆಂಚು, ಒಳಗೆ ತೆಳುವಾದ ಸೂರುಹಲಗೆ ಅಥವಾ ಬಿದಿರಿನ ತಟ್ಟಿ ಎಂದು ಯೋಚಿಸಿದರೆ ಖರ್ಚೂ ಸೆಕೆಯೂ ಇಳಿಯುತ್ತವೆ. ಈಗಾಗಲೇ ತಗಡಿನ ಮಾಡು ಇರುವವರಿಗೆ ಒಂದು ಅನುಕೂಲವಿದೆ, ಅದು ಮಳೆನೀರಿಗೆ ಬಹಳ ಶುಚಿಯಾದ ಮೇಲ್ಮೈ.

ಲೆಕ್ಕ ನೋಡಿ. 1,000 ಚದರಡಿ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 3 ಲಕ್ಷ 25 ಸಾವಿರ ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 10 ಲೀಟರ್ ಎಂದರೆ, ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ ಬೇಕಾದದ್ದು 6,000 ಲೀಟರ್. ಅಷ್ಟೇ. ಬಚ್ಚಲಿಗೂ ಬಟ್ಟೆಗೂ ಸೇರಿಸಿ ತಲೆಗೆ 100 ಲೀಟರ್ ಹಿಡಿದರೆ 60,000 ಲೀಟರಿನ ತೊಟ್ಟಿ ಬೇಕು, ಅದು ಎಲ್ಲರ ಕೈಲಾಗದು. ಆದರೆ 6,000 ಲೀಟರಿನ ಮುಚ್ಚಿದ ತೊಟ್ಟಿ ಒಂದು ಮನೆಗೆ ದೊಡ್ಡ ಮಾತಲ್ಲ. ಬಾವಿ ಉಪ್ಪಾದರೂ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಿಲ್ಲ. ಕೊಪ್ಪಳದ ಮನೆಯಲ್ಲೂ ಅದೇ ಅಳತೆಯ ಮಾಡಿಗೆ 55,000 ಲೀಟರ್ ಬೀಳುತ್ತದೆ. ಅದೇ ಐದು ಜನರ ಇಡೀ ವರ್ಷದ ಕುಡಿಯುವ, ಅಡುಗೆಯ ನೀರಿಗೆ 18,250 ಲೀಟರ್ ಸಾಕು. ಕರಾವಳಿಯವರು ತೊಟ್ಟಿಯನ್ನು ಜೂನಿನಲ್ಲಿ ತುಂಬಿಸಿ ಕೂರಬೇಕಿಲ್ಲ. ಮೊದಲ ಮಳೆಗಳು ಮಾಡಿನ ಧೂಳು, ಎಲೆ, ಹಕ್ಕಿಯ ಹಿಕ್ಕೆಯನ್ನೆಲ್ಲ ತೊಳೆಯಲಿ. ಸೆಪ್ಟೆಂಬರಿನಲ್ಲಿ ತೊಟ್ಟಿ ಒರೆಸಿ, ಮರಳು, ಜಲ್ಲಿ, ಇದ್ದಿಲಿನ ಸೋಸುಗದ ಮೂಲಕ ಹೊಸ ನೀರು ತುಂಬಿಸಿ ಬೆಳಕು ಬೀಳದಂತೆ ಮುಚ್ಚಬೇಕು. ಬೆಳಕಿಲ್ಲದಲ್ಲಿ ಪಾಚಿ ಬೆಳೆಯುವುದಿಲ್ಲ, ಮುಚ್ಚಿದ್ದಲ್ಲಿ ಸೊಳ್ಳೆ ಮೊಟ್ಟೆಯಿಡುವುದಿಲ್ಲ.

ಇವೆಲ್ಲಕ್ಕೂ ಹೊತ್ತು ಗೊತ್ತು ಇದೆ. ಸಿಪ್ಪೆಯ ಅಗಳ, ಸಮತಟ್ಟಿನ ಇಂಗುಗುಂಡಿ, ಹಳೆಯ ಕೆರೆಯ ಹೂಳು ತೆಗೆಯುವುದು ಏಪ್ರಿಲ್, ಮೇ ತಿಂಗಳ ಕೆಲಸ. ಸಸಿ ನೆಡುವುದು ಜೂನಿನ ಮೊದಲ ಹದಮಳೆಗೆ. ತೊಟ್ಟಿ ಸೆಪ್ಟೆಂಬರಿಗೆ, ಹಳ್ಳದ ಕಟ್ಟ ನವೆಂಬರಿನ ಕೊನೆಗೆ, ಮುಚ್ಚಿಗೆ ಡಿಸೆಂಬರಿನೊಳಗೆ. ಇದರ ಜೊತೆ ಪ್ರತಿ ಮನೆಯವರೂ ತಿಂಗಳ ಮೊದಲ ದಿನ, ಬೆಳಿಗ್ಗೆ ನೀರೆತ್ತುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಕಟ್ಟೆಯಿಂದ ನೀರಿನವರೆಗಿನ ಆಳ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಬೇಕು, ಉಪ್ಪು ತಾಗಿತೇ ಎಂದೂ ಗುರುತು ಹಾಕಬೇಕು. ಶಾಲೆಯ ಮಕ್ಕಳೇ ಮಾಡಬಹುದಾದ ಕೆಲಸ. ಒಂದು ಕೇರಿಯ ಹತ್ತು ಬಾವಿಗಳ ಎರಡು ವರ್ಷದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಇಟ್ಟರೆ, ಯಾವ ಪಂಪು ನಿಲ್ಲಬೇಕು, ಯಾವ ಹಳ್ಳಕ್ಕೆ ಮೊದಲು ಕಟ್ಟ ಬೇಕು ಎಂಬ ಚರ್ಚೆಗೆ ಕೈಯಲ್ಲಿ ದಾಖಲೆ ಇದ್ದಂತಾಗುತ್ತದೆ.